ಸಕ್ರವ್ವನ ಒಲೆ, ಗೈಬುಸಾಬನ ಕೊಳವೆ

ಸಕ್ರವ್ವ ಗೋಡೆಯ ಮೇಲಿನ ಕರಿ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಅಂಟು ಅಂಟಾಗಿತ್ತು. ಸೆರಗಿಗೆ ಒರೆಸಲು ಮನಸ್ಸಾಗದೆ ಒಂದು ಚಿಟಿಕೆ ಬೂದಿ ತೆಗೆದು ಬೆರಳು ತಿಕ್ಕಿಕೊಂಡಳು.

"ಏನ್ ಮೂಸಾಕತ್ತೀ ಬೇ? ಅದೇನು ಅತ್ತರ ಏನು?" ಎಂದಳು ಹಿಂದೆ ನಿಂತಿದ್ದ ಕಾಶಿಬಾಯಿ.

ಪಟ್ಟಣದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಕಾಶಿಬಾಯಿಯ ಖಾನಾವಳಿ. ಎರಡು ತಿಂಗಳ ಹಿಂದೆ ಸಕ್ರವ್ವ ಅಲ್ಲಿ ಮೂರು ಬಾಯಿಯ ಒಲೆ ಹಾಕಿದ್ದಳು. ಗಾರೆ ಕೆಲಸದ ಗೌಂಡಿ ಗೈಬುಸಾಬ ಅದಕ್ಕೆ ಮಣ್ಣಿನ ಕೊಳವೆಗಳನ್ನು ಒಂದರ ಮೇಲೊಂದು ಕೂಡಿಸಿ ಹೊಗೆಯನ್ನು ಮಾಳಿಗೆಯ ಮೇಲಕ್ಕೆ ಬಿಟ್ಟಿದ್ದ. ಹೊಗೆಯಿಲ್ಲದ ಅಡುಗೆಮನೆ ನೋಡಲು ಓಣಿಯ ಹೆಂಗಸರೆಲ್ಲ ಬಂದುಹೋಗಿದ್ದರು. ಈಗ ನೋಡಿದರೆ ಕೊಳವೆಗೆ ಕೊಳವೆ ಸೇರುವ ಪ್ರತಿ ಕೂಡಿನ ಕೆಳಗೂ ಕರಿ ಗೆರೆ ಇಳಿದಿತ್ತು.

"ಐತವಾರದೊಳಗ ಇದು ನಿಲ್ಲಲಿಲ್ಲಂದ್ರ ಒಲಿ ಒಡಸ್ತೇನಿ ನೋಡು. ಬಬಲೇಶ್ವರದ ಲಕ್ಕವ್ವ ಬ್ಯಾರೆ ಒಲಿ ಹಾಕಾಕ ಬರ್ತೇನಿ ಅಂದಾಳ."

ಅಂದು ಗುರುವಾರ. ಈ ಖಾನಾವಳಿಯಲ್ಲಿ ಊಟ ಮಾಡುವವರು ಟಿಕೋಟಾ, ನಿಡೋಣಿ ಕಡೆಯ ವ್ಯಾಪಾರಿಗಳು. ಇಲ್ಲಿ ಒಲೆ ಒಡೆದರೆ ಸಕ್ರವ್ವ ಊರು ಮುಟ್ಟುವುದರೊಳಗೆ ಸುದ್ದಿ ಮುಟ್ಟಿರುತ್ತದೆ. ಆಮೇಲೆ ಅವಳನ್ನು ಕರೆಯುವವರು ಯಾರು?

ಸಕ್ರವ್ವನ ಊರು ಬಿಜ್ಜರಗಿ. ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಹೊರಗೇ ಇರುತ್ತಿದ್ದ. ಹುತ್ತದ ಮಣ್ಣು, ಕುದುರೆ ಲದ್ದಿ, ಹೊಟ್ಟು ಕಲಸಿ ಒಲೆ ಹಾಕುವುದನ್ನು ಅವಳು ತಾಯಿಯಿಂದ ಕಲಿತಿದ್ದಳು. ಒಲೆ ಹಾಕಿ ಸುಮ್ಮನೆ ಹೋಗುವವಳಲ್ಲ. ಹದಿನೈದು ದಿನಕ್ಕೊಮ್ಮೆ ಬಂದು, ಹಗ್ಗದ ತುದಿಗೆ ಕಲ್ಲು, ಕಲ್ಲಿಗೆ ಕುಸುಬೆಯ ಮುಳ್ಳುಕಡ್ಡಿ ಕಟ್ಟಿ, ಮಾಳಿಗೆಯ ಮೇಲಿಂದ ಕೊಳವೆಯೊಳಗೆ ಇಳಿಬಿಟ್ಟು ಮಸಿ ಕೆರೆಯುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿ ಉರಿಸಿ ಓಡುತ್ತಿದ್ದವು. ದಾರಿಯಲ್ಲಿ ಬಸ್ಸು ನಿಂತು, ಡ್ರೈವರ್ ಹಿಂದಿನ ಇದ್ದಲಿ ಒಲೆಯನ್ನು ಬೈಯುತ್ತ ಕೆದಕುವಾಗ ಸಕ್ರವ್ವ ಕಿಟಕಿಯಿಂದ ತಲೆ ಹಾಕಿ, "ಮೊದಲ ಬೂದಿ ತಗೀರಿ, ಆಮ್ಯಾಲ ಬೈರಿ" ಎನ್ನುತ್ತಿದ್ದಳು.

ತಾನು ಬರುವವರೆಗೆ ಒಲೆ ಹೊತ್ತಿಸಬೇಡಿರೆಂದು ಆ ದಿನ ಮೊದಲೇ ಹೇಳಿ ಕಳಿಸಿದ್ದಳು. ಒಂದು ತೊಗರಿಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿದಳು. ಉರಿ ಒಳಕ್ಕೆ ಬಾಗಿತು. ಒಲೆ ಹೊಗೆಯನ್ನು ಚೆನ್ನಾಗಿಯೇ ಮೇಲಕ್ಕೆ ಎಳೆಯುತ್ತಿತ್ತು. ಹಾಗಾದರೆ ಈ ಜಿಡ್ಡು ಎಲ್ಲಿಯದು? ಮೂಲೆಯಲ್ಲಿದ್ದ ಕಟ್ಟಿಗೆಯ ರಾಶಿಯಿಂದ ಒಂದು ತುಂಡು ಎತ್ತಿ ಉಗುರು ಒತ್ತಿದಳು. ಹಸಿ.

"ಅಕ್ಕಾರ, ಇದು ನಿನ್ನೆ ತನಕ ಗಿಡಾ ಆಗಿತ್ತೇನ್ರಿ?"

"ಒಣ ಕಟಗಿ ಎಲ್ಲಿ ಸಿಗತೈತಿ ಈಗ?" ಎಂದ ಕಾಶಿಬಾಯಿಯ ದನಿ ಸ್ವಲ್ಪ ಇಳಿಯಿತು.

ಹಸಿ ಕಟ್ಟಿಗೆಯಿಂದ ಜಿಡ್ಡು ಹುಟ್ಟುವುದು ಸರಿ. ಆದರೆ ಅದು ಕೊಳವೆಯ ಒಳಗೇ ಇಳಿದು ಒಲೆಗೆ ಬಿದ್ದು ಸುಡಬೇಕು, ಗೋಡೆಗೆ ಬರಬಾರದು. ಸಕ್ರವ್ವ ಕಾಳಿನ ಪೆಟ್ಟಿಗೆಯ ಮೇಲೆ ಹತ್ತಿ ಕೂಡುಗಳನ್ನು ನೋಡಿದಳು. ಪ್ರತಿ ಕೊಳವೆಯ ಅಗಲ ಬಾಯಿ ಕೆಳಕ್ಕಿತ್ತು, ಸಣ್ಣ ಮೂತಿ ಮೇಲಕ್ಕಿತ್ತು; ಮೇಲಿನ ಕೊಳವೆ ಕೆಳಗಿನದರ ಮೂತಿಯನ್ನು ಹೊರಗಿನಿಂದ ಮುಚ್ಚಿತ್ತು. ಅವಳು ಗೈಬುಸಾಬನಿಗೆ ಹೇಳಿ ಕಳಿಸಿದಳು.

ಗೈಬುಸಾಬ ಬಂದವನೇ ಸಿಟ್ಟಾದ. "ನಲವತ್ತು ವರ್ಷ ನೀರಿನ ಕೊಳವಿ ಕೂಡಿಸೇನಿ ಯವ್ವಾ, ಒಂದ್ ಹನಿ ಸೋರಿಲ್ಲ. ನೀರು ಸಣ್ಣ ಮೂತಿಯಿಂದ ಅಗಲ ಬಾಯಿಗೆ ಹರೀಬೇಕು. ಹೊಗಿ ಮ್ಯಾಲ ಹೋಗ್ತೈತಿ, ಅದರ ದಾರಿ ನೋಡೇ ಕೂಡಿಸೇನಿ."

"ಹೊಗಿ ಮ್ಯಾಲ ಹೋಗ್ತೈತಿ, ಖರೆ. ಅದರ ಬೆವರು ಎತ್ತಾಗ ಹೋಗ್ತೈತಿ, ಕಾಕಾ?"

"ಬೆವರಂತ! ಹೊಗಿಗೆ ಜ್ವರಾ ಬಂದಾವೇನು?"

"ನೀವು ಅಲ್ಲೇ ನಿಂದರ್ರಿ." ಸಕ್ರವ್ವ ಒಂದು ತಂಬಿಗೆ ನೀರು ತೆಗೆದುಕೊಂಡು ಮಾಳಿಗೆ ಹತ್ತಿದಳು. ಕೊಳವೆಯ ಮೇಲೆ ಬೋರಲು ಹಾಕಿದ್ದ ಮಡಕೆ ತೆಗೆದು, ಒಳ ಅಂಚಿಗುಂಟ ಸಣ್ಣಗೆ ನೀರು ಸುರಿದಳು.

ಉರಿಯ ಕಾವಿಗೆ ಕೂಡಿಗೆ ಮೆತ್ತಿದ್ದ ಗಚ್ಚುಗಾರೆ ಎಂದೋ ಬಿರುಕು ಬಿಟ್ಟಿತ್ತು. ನೀರು ಮೇಲಿನ ಕೂಡಿನಲ್ಲೇ ಹೊರಬಿದ್ದು ಕರ್ರಗಾಗಿ ಗೈಬುಸಾಬನ ಟೊಪ್ಪಿಗೆಯ ಮೇಲೆ ಬಿತ್ತು. ಒಲೆಗೆ ಒಂದು ಹನಿಯೂ ತಲುಪಲಿಲ್ಲ. ಕಾಶಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಗೈಬುಸಾಬ ನಗಲಿಲ್ಲ. ಟೊಪ್ಪಿಗೆ ತೆಗೆದು, ಪೆಟ್ಟಿಗೆಯ ಮೇಲೆ ಹತ್ತಿ, ಮೇಲಿನ ಕೂಡಿನ ಪಕ್ಕದ ತೊಲೆಯನ್ನು ಮುಟ್ಟಿ ನೋಡಿದ. ಅಂಗೈ ಕರ್ರಗಾಯಿತು. ಕೆಳಗಿಳಿದು ಬಂದ ಸಕ್ರವ್ವ ಹೇಳಿದಳು: "ಈ ತೊಲಿ ಜಿಡ್ಡು ಕುಡಿದಷ್ಟು ಎಣ್ಣಿ ನಾ ನನ್ನ ತಲಿಗೂ ಹಚ್ಚಿಲ್ರಿ. ಒಂದ್ ಕಿಡಿ ಬಿದ್ರ ಇಡೀ ಖಾನಾವಳೀನ ಒಲಿ ಆಕ್ಕೈತಿ."

ಕಾಶಿಬಾಯಿಯ ನಗು ನಿಂತಿತು.

"ಮೊದಲ ಹೇಳಬಾರದಾ, ಯವ್ವಾ?" ಎಂದ ಗೈಬುಸಾಬ ಮೆಲ್ಲಗೆ.

"ನೀವು ಕೂಡ್ಸೂ ಮುಂದ ನಾ ಊರಾಗಿದ್ದೆ. ಆಮ್ಯಾಲ ಬಂದಾಗೆಲ್ಲ ಮಾಳಿಗಿ ಮ್ಯಾಲೇ ಕೆಲಸಾ ಮಾಡಿ ಇಳಿದೆ. ಕೂಡು ನೋಡಲಿಲ್ಲ. ಅದು ನಂದೂ ತಪ್ಪ."

ಮಧ್ಯಾಹ್ನವೇ ಕೊಳವೆಗಳನ್ನು ಇಳಿಸಿದರು. ಗೈಬುಸಾಬ ಅಗಲ ಬಾಯಿ ಮೇಲೆ ಮಾಡಿ, ಮೇಲಿನ ಕೊಳವೆಯ ಮೂತಿ ಕೆಳಗಿನದರ ಬಾಯೊಳಗೆ ಕೂರುವಂತೆ ಮತ್ತೆ ಕೂಡಿಸಿದ. ಸಕ್ರವ್ವ ತೊಲೆಯ ಜಿಡ್ಡನ್ನು ಕುಡುಗೋಲಿನಿಂದ ಕೆರೆದು, ತೊಲೆಗೂ ಕೊಳವೆಗೂ ನಡುವೆ ಒಂದು ಗೇಣು ಬಿಡಿಸಿ ಕಲ್ಲು ಮಣ್ಣು ತುಂಬಿದಳು. ಎರಡು ದಿನ ಕಾಶಿಬಾಯಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು ರೊಟ್ಟಿ ಬೇಯಿಸಿದಳು, ಹಸಿ ಕಟ್ಟಿಗೆಯನ್ನು ಬಿಸಿಲಿಗೆ ಹರವಿದಳು. ಐತವಾರ ಒಲೆ ಹೊತ್ತಿತು. ಸಂಜೆಯವರೆಗೂ ಗೋಡೆ ಒಣಗಿಯೇ ಇತ್ತು. ಒಲೆ ಒಡೆಯುವ ಮಾತನ್ನು ಕಾಶಿಬಾಯಿ ಮತ್ತೆ ಎತ್ತಲಿಲ್ಲ.

ಗೈಬುಸಾಬ ಹಿಂದೆ ನಿಡೋಣಿಯಲ್ಲೂ ಇದೇ ರೀತಿ ತಲೆಕೆಳಗಾಗಿ ಇನ್ನೆರಡು ಹೊಗೆ ಕೊಳವೆ ಕೂಡಿಸಿದ್ದ. ಸೋಮವಾರ ಬೆಳಿಗ್ಗೆ ಇಬ್ಬರೂ ಅಲ್ಲಿಗೆ ಹೊರಟರು.