ತಿರುವು ಬರುವ ತನಕ ನೇರ

ಆಲೆಮನೆಯ ಎಂಜಿನ್ನು ಒಂದೆರಡು ಸಲ ಕೆಮ್ಮಿ, ಆಮೇಲೆ ಹಿಡಿದುಕೊಂಡು ಢಗಢಗ ಓಡತೊಡಗಿತು. ಕ್ಯಾತನಹಳ್ಳಿಯ ಆ ಬೀದಿಗೆ ಬೆಳಗಾಗುವುದೇ ಆ ಸದ್ದಿನಿಂದ. ರಂಜಿತ ಆಗಲೇ ಡೇರಿಗೆ ಹಾಲು ಹಾಕಿ ಬಂದು, ಜಗುಲಿಯ ಮೇಲೆ ಒಂದು ಹಾಳೆ ಹರಡಿಕೊಂಡು ಕೂತಿದ್ದಳು.

ಅದು ವಿಮಾನ ಇಳಿಸುವ ದಾರಿಯ ನಕ್ಷೆ. ರಂಜಿತ ಪೈಲಟ್ ಆಗಲು ಕಲಿಯುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗಲೇ ಕಬ್ಬು ತುಂಬಿದ ಟ್ರೈಲರನ್ನು ಟ್ರಾಕ್ಟರಿನಲ್ಲಿ ಹಿಂದಕ್ಕೆ ತೆಗೆಯುತ್ತಿದ್ದ ಹುಡುಗಿ ಅವಳು. ಕೈ ಪಳಗಿತ್ತು, ಭಯ ಇರಲಿಲ್ಲ. ಆದರೂ ಹೊರಗೇನೂ ನೋಡದೆ ಬರಿಯ ಮೀಟರುಗಳನ್ನು ನಂಬಿ ಹಾರಿಸುವ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಸೋಮವಾರ ಮತ್ತೆ ಪರೀಕ್ಷೆ. ಈ ಸಲವೂ ತಪ್ಪಿದರೆ ಜೊತೆಯವರು ಮುಂದೆ ಹೋಗಿ ಅವಳೊಬ್ಬಳೇ ಹಿಂದೆ ಉಳಿಯಬೇಕು.

“ಅದೇನ್ ತಪ್ ಮಾಡ್ದೆ ಅಂತ ಸರ್ಯಾಗೇಳು ಮಗ,” ಎಂದಳು ಅಜ್ಜಿ ಮಾಯಮ್ಮ, ಸೊಪ್ಪು ಸೋಸುತ್ತಾ.

“ರನ್‌ವೇ ಕಡೀಕೆ ಇಳೀತಾ ಬತ್ತೀವಿ ಅಜ್ಜಿ. ಇಷ್ಟು ಎತ್ತರ ಅಂತ ಗೊತ್ತು ಮಾಡಿರ್ತಾರೆ. ಅಲ್ಲಿಗೆ ಬಂದ್ರೂ ನೆಲ ಕಾಣ್ನಿಲ್ಲ ಅಂದ್ರೆ ಇಳಿಯಂಗಿಲ್ಲ. ಮತ್ತೆ ಮೇಲಕ್ಕೋಗ್ಬೇಕು.”

“ಅಷ್ಟ್ ದೂರ ಬಂದು ಇಳೀದೆ ಓಗದಾ? ಸ್ಟಾಪ್ ತಾವ ಬಸ್ಸು ನಿಲ್ಸ್ದೆ ಓದ್ರೆ ಜನ ಬಯ್ಯಕ್ಕಿಲ್ವಾ?”

“ಬಯ್ಲಿ ಬುಡಜ್ಜಿ. ಬದುಕಿದ್ರೆ ತಾನೆ ಬಯ್ಯದು.”

ಮಾಯಮ್ಮ ನಕ್ಕ ರಭಸಕ್ಕೆ ಮಡಿಲಿನ ಸೊಪ್ಪು ಚೆಲ್ಲಿತು.

ಮೇಲೇರುವುದರಲ್ಲಿ ರಂಜಿತ ತಪ್ಪಿರಲಿಲ್ಲ. ಏರಿದ ತಕ್ಷಣ ಎಡಕ್ಕೆ ತಿರುಗಿಬಿಟ್ಟಿದ್ದಳು. ನಕ್ಷೆಯಲ್ಲಿ ತಿರುವು ಇದ್ದದ್ದು ಇನ್ನೂ ಮುಂದೆ. ಆ ಜಾಗ ಬರುವ ತನಕ ಏರುತ್ತಲೇ ನೇರ ಹೋಗಬೇಕು. ಬೆಟ್ಟಗುಡ್ಡ ತಾಗದು ಎಂದು ಅಳೆದು ನೋಡಿರುವುದು ಆ ದಾರಿಯನ್ನು ಮಾತ್ರ. ಇದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಗೊತ್ತಿದ್ದೂ ಕೈ ಯಾಕೆ ತಿರುಗಿತು ಎಂಬುದೇ ತಿಳಿಯದೆ ಒಳಗೊಳಗೇ ಕೊರೆಯುತ್ತಿತ್ತು.

“ಬಾ ಅಜ್ಜಿ, ನಡ್ದು ನೋಡಾನ,” ಎಂದು ಎದ್ದಳು.

ಗದ್ದೆಯ ಉದ್ದದ ಬದುವೇ ಆಕಾಶದ ದಾರಿಯಾಯಿತು. ಅದರ ಕೊನೆಯ ಕಾಲುವೆ ಸೇತುವೆ ತಿರುವಿನ ಜಾಗ. ಅಲ್ಲಿ ಮಾಯಮ್ಮ ನಿಂತಳು. ರಂಜಿತ ಅಪ್ಪನ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು, ಕೈಯಲ್ಲಿನ ಹಾಳೆಯೊಂದೇ ಕಾಣುವ ಹಾಗೆ ತಲೆ ಬಗ್ಗಿಸಿ ಹೊರಟಳು. ಮೇಲಕ್ಕೆ ಹೋಗು ಅಂತ ಯಾವಾಗ ಬೇಕಾದರೂ ಕೂಗು ಎಂದು ಅಜ್ಜಿಗೆ ಹೇಳಿದ್ದಳು.

ಅರ್ಧ ಬದು ದಾಟಿರಲಿಲ್ಲ. “ಮೇಲಕ್ಕೋಗೇ!” ಎಂದು ಮಾಯಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳು. ರಂಜಿತ ಗತ್ತಿನಿಂದ ಕೈ ಮೇಲೆತ್ತಿ ಇನ್ನೊಂದು ಹೆಜ್ಜೆ ಇಟ್ಟಳು. ಮೊಣಕಾಲಿನ ತನಕ ತಣ್ಣನೆಯ ಕೆಸರು.

“ಏನವ್ವಾ ರಂಜಿತಾ!” ಪಕ್ಕದ ಗದ್ದೆಯ ತಮ್ಮಯ್ಯ ಗುದ್ದಲಿ ಊರಿ ನಿಂತು ಕೇಳಿದ. “ಅಷ್ಟ್ ದೊಡ್ಡ ಆಕಾಸ ಬುಟ್ಟು ನನ್ ಒಟ್ಲಿಗೇ ಇಳಿಸ್ಬುಟ್ಯಾ ಇಮಾನವ?”

ಒಟ್ಲಿನ ಭತ್ತದ ಎಳೆ ಸಸಿಗಳ ನಡುವೆ ನಿಂತು ರಂಜಿತ ನಕ್ಕಳು. ಕಾಲು ಇಲ್ಲೂ ಎಡಕ್ಕೇ ತಿರುಗಿತ್ತು. ಮನೆ ಇದ್ದದ್ದು ಎಡಕ್ಕೆ. ಇತ್ತ ಕಡೆ ಮನೆಗೆ ಮರಳುವ ಯಾರೂ ಸೇತುವೆ ತನಕ ಹೋಗುವುದಿಲ್ಲ. ಹೋದ ಕೆಲಸ ಆಗಲಿಲ್ಲವೆಂದರೆ ಬದುವಿನ ನಡುವೆಯೇ ಗದ್ದೆಗೆ ಇಳಿದು ಅಡ್ಡ ಹಾಯುತ್ತಾರೆ. ಹುಟ್ಟಿದಾಗಿನಿಂದ ಅವಳೂ ಹಾಗೆಯೇ ನಡೆದವಳು. ಅಂದು ಪರೀಕ್ಷೆಯಲ್ಲಿ ಮೋಡದ ನಡುವೆಯೂ, ಇಳಿಯುವುದು ಬೇಡ ಎಂದುಕೊಂಡ ಕ್ಷಣವೇ, ಅವಳು ಮನೆಗೆ ಮರಳುವವಳಂತೆ ಎಡಕ್ಕೆ ಅಡ್ಡ ಹಾದಿದ್ದಳು. ಅಷ್ಟೆ. ಹೆದರಿಕೆಯಲ್ಲ, ದಡ್ಡತನವೂ ಅಲ್ಲ. ಎದೆ ಹಗುರವಾಯಿತು.

ತುಳಿದ ಸಸಿಗಳನ್ನು ಎತ್ತಿ ನಿಲ್ಲಿಸಿ ಮತ್ತೆ ಬದು ಹತ್ತಿದಳು. ತಮ್ಮಯ್ಯನೂ ವಿಷಯ ಕೇಳಿ ತಿಳಿದು, ಕೆಲಸ ಬಿಟ್ಟು ಬದುವಿನ ಎಡಕ್ಕೆ ಅಡ್ಡ ನಿಂತ. “ನಾನೇ ಬೆಟ್ಟ ಕಣವ್ವ. ಇತ್ತಾಗ್ ಬಂದ್ರೆ ಬುಡಕ್ಕಿಲ್ಲ!”

ಅಜ್ಜಿ ಕೂಗಿದಳು. ಎಡಗಾಲು ತಾನಾಗಿ ಹೊರಳಿತು. ರಂಜಿತ ಅದನ್ನು ತಡೆದು ನೇರ ನಡೆದಳು. ಭುಜ ಅಜ್ಜಿಗೆ ತಾಗಿದ ಮೇಲೆಯೇ ಎಡಕ್ಕೆ ತಿರುಗಿದಳು. ಮುಂದಿನ ಸಲ ಕಾಲು ಹೊರಳಲೇ ಇಲ್ಲ.

“ಬೆಟ್ಟಕ್ ಹೊಟ್ಟೆ ಅಸೀತಾ ಅದೆ,” ಎಂದ ತಮ್ಮಯ್ಯ.

“ಸಾಕ್ ಬಾ ಮಗ, ಮುದ್ದೆ ಆರೋಯ್ತದೆ,” ಎಂದಳು ಮಾಯಮ್ಮ.

“ಇನ್ನೊಂದೇ ಸಲ ಅಜ್ಜಿ!” ರಂಜಿತ ಆಗಲೇ ಬದುವಿನ ಆ ತುದಿಗೆ ಹೊರಟಿದ್ದಳು. “ಈ ಸಲ ಎಲ್ಲಿ ಬೇಕಾದ್ರೂ ಕೂಗು. ನಾನ್ ಮಾತ್ರ ನಿನ್ ತಂಕ ನೇರ ಬಂದು, ಆಮೇಲೆ ಎಡಕ್ಕೆ, ಅಲ್ಲಿಂದ ಇನ್ನೂ ಮೇಲೇರ್ಕೊಂಡು—”