ಪಂಕ್ಚರ್ ಮೇಷ್ಟ್ರ ಎದೆಗೆ ಪುಡಿ

ಚಕ್ರ ಬಿಚ್ಚುವ ಮೊದಲು ಗಿರಾಕಿಗೆ ನಾಲ್ಕು ಬುದ್ಧಿಮಾತು ಹೇಳದಿದ್ದರೆ ಅವರಿಗೆ ಕೈಯೇ ಓಡುತ್ತಿರಲಿಲ್ಲ. ಅದಕ್ಕೇ ಬೀದಿಯವರೆಲ್ಲ ಪಂಕ್ಚರ್ ಮೇಷ್ಟ್ರು ಅನ್ನುತ್ತಿದ್ದರು. ಮೂವತ್ತು ವರ್ಷ ಊರ ಟೈರುಗಳಿಗೆಲ್ಲ ಗಾಳಿ ತುಂಬಿದವರಿಗೆ ಈಗ ತಮ್ಮ ಎದೆಗೇ ಗಾಳಿ ಸಾಲದು. ಶ್ವಾಸಕೋಶದ ಕ್ಯಾನ್ಸರು, ಅದರ ಸುತ್ತ ನೀರು. ಎರಡು ಸಲ ಸೂಜಿ ಚುಚ್ಚಿ ತೆಗೆದರೂ ವಾರದೊಳಗೆ ಮತ್ತೆ ಹಾಜರ್. ಮಲಗಿದರೆ ಉಸಿರು ಕಟ್ಟುತ್ತಿತ್ತು. ಐದು ವಾರದಿಂದ ಮೂರು ದಿಂಬಿಗೆ ಒರಗಿ ಕೂತೇ ತೂಕಡಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ, ಕಾಲು ಚಾಚಿ ಒಂದು ನಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ದಾರಿ ಹೇಳಿದರು. “ಸಣ್ಣ ತೂತು ಮಾಡಿ ನೀರೆಲ್ಲ ತೆಗೀತೀವಿ. ಆಮೇಲೆ ಒಳಗೆ ಟಾಲ್ಕ್ ಪುಡಿ ಎರಚ್ತೀವಿ. ಶ್ವಾಸಕೋಶದ ಪೊರೆ, ಎದೆಯ ಒಳಪೊರೆ ಎರಡೂ ಅಂಟಿಕೊಳ್ಳತ್ತೆ. ನೀರು ನಿಲ್ಲೋಕೆ ಜಾಗಾನೇ ಇರಲ್ಲ.”

ಮೇಷ್ಟ್ರ ಪಿತ್ತ ನೆತ್ತಿಗೇರಿತು. “ಟೈರಿಗೆ ಟ್ಯೂಬ್ ಅಂಟಬಾರದು ಅಂತ... ನಾನು ದಿನಾ ಹಾಕೋ ಪುಡಿ ಅದು! ಅದನ್ನ ಹಾಕಿ... ಅಂಟಿಸ್ತಾರಂತೆ! ಬಟ್ಟೆ ತಗೊಳ್ಳೇ, ಮನೆಗೆ ಹೋಗೋಣ!”

“ಹೋಗೋಣ,” ಅಂದಳು ಹೆಂಡತಿ, ಕೂತಲ್ಲಿಂದ ಏಳದೆ. “ಮೆಟ್ಟಿಲು ಮಾತ್ರ ನೀವೇ ಇಳೀಬೇಕು. ನಾನು ಹೊತ್ಕೊಂಡು ಹೋಗಲ್ಲ.”

ಮೇಷ್ಟ್ರು ಬಾಗಿಲವರೆಗೆ ಹೋದವರು ಗೋಡೆ ಹಿಡಿದು ನಿಂತುಬಿಟ್ಟರು. ಡಾಕ್ಟರಮ್ಮ ಕುರ್ಚಿ ಎಳೆದು ಕೂರಿಸಿದರು.

“ಅಂಟಿಸೋದು ಪುಡಿಯಲ್ಲ, ಯಜಮಾನ್ರೇ. ಅದು ಒಳಗೆ ತರಚತ್ತೆ. ಪೊರೆ ಕೆಂಪಾಗಿ ಊದಿ, ಗಾಯ ಮಾಯೋ ಹಾಗೆ ಒಂದಕ್ಕೊಂದು ಕೂಡಿಕೊಳ್ಳತ್ತೆ. ಎರಡು ದಿನ ಜ್ವರ, ನೋವು ಬರಬಹುದು.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. “ಪ್ಯಾಚ್ ಹಾಕೋ ಮುಂಚೆ... ಟ್ಯೂಬ್ ಉಜ್ಜಿ ತರಿ ಮಾಡೋ ಹಾಗಾ?”

“ಅದ್ಯಾಕೆ ಉಜ್ಜೋದು?”

“ನುಣ್ಣಗಿದ್ರೆ ಹಿಡಿಯತ್ತೇನ್ರೀ? ಅಷ್ಟೂ ಗೊತ್ತಿಲ್ವಾ?” ಪಾಪ ಅನ್ನುವ ಹಾಗೆ ನೋಡಿದರು. “ಸರಿ, ಶ್ವಾಸಕೋಶ ಪೂರ್ತಿ ಉಬ್ಬಿ... ಎದೆಗೋಡೆಗೆ ತಾಗಬೇಕಲ್ಲ? ತಾಗದೇ ಇದ್ರೆ?”

“ಆಗ ಅಂಟಲ್ಲ. ನಮಗಿರೋ ಚಿಂತೇನೂ ಅದೇ.”

“ಪ್ಯಾಚ್ ಕೆಲಸ ಅಂತ ಮೊದಲೇ ಹೇಳೋಕೇನು ಧಾಡಿ! ಎಲ್ಲಿ, ಸಹಿ ಎಲ್ಲಿ ಹಾಕ್ಲಿ?”

ಪುಡಿ ಎರಚಿದ ಮೇಲೆ ಮೂರು ದಿನ ಜ್ವರದಲ್ಲಿ ಪುಡಿ ಕಂಡುಹಿಡಿದವನ ವಂಶವನ್ನೆಲ್ಲ ಬೈದರು. ಐದನೇ ದಿನ ನೀರು ಬಸಿಯಲು ಎದೆಗೆ ಹಾಕಿದ್ದ ನಳಿಕೆ ತೆಗೆದಾಗ ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿ ಎದೆಗೋಡೆಗೆ ತಾಗಿತ್ತು. ಕ್ಯಾನ್ಸರು ಎಲ್ಲಿಗೂ ಹೋಗಿರಲಿಲ್ಲ. ಡಾಕ್ಟರಮ್ಮ ಅದನ್ನು ಮುಚ್ಚಿಡಲೂ ಇಲ್ಲ. ಮಧ್ಯಾಹ್ನ ಮೇಷ್ಟ್ರು ದಿಂಬುಗಳನ್ನು ಒಂದೊಂದಾಗಿ ಎಳೆದುಹಾಕಿ ಅಂಗಾತ ಮೈ ಚೆಲ್ಲಿದರು. ಉಸಿರು ಕಟ್ಟೀತು ಅಂತ ಕಾದರು. ಕಟ್ಟಲಿಲ್ಲ.

“ನೋಡೇ,” ಅಂದರು. ಮುಂದಿನದು ಗೊರಕೆ.

ಡಾಕ್ಟರಮ್ಮ ಫೈಲು ಹಿಡಿದು ಬಂದಾಗ ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. “ಈಗ ಬೇಡ ಡಾಕ್ಟ್ರೇ. ಎದ್ರೆ, ತೂತಿಗೆ ಹೊಲಿಗೆ ಹೇಗೆ ಹಾಕಬೇಕು ಅಂತ ನಿಮಗೇ ಪಾಠ ಶುರು ಮಾಡ್ತಾರೆ.”

ಡಾಕ್ಟರಮ್ಮ ಬಂದ ದಾರಿಯಲ್ಲೇ ತುದಿಗಾಲಲ್ಲಿ ವಾಪಸಾದರು.