ಮುಂದಕ್ಕೆ ಬಾರವ್ವ

ಜಾವಗಲ್ಲಿನಿಂದ ಅರಸೀಕೆರೆ ಕಾಲೇಜಿಗೆ ನಾನೂ ನನ್ನ ಗೆಳತಿಯೂ ಹೋಗುತ್ತಿದ್ದ ಬಸ್ಸಿಗೆ ಹೆಂಗಸೊಬ್ಬರು ಕಂಡಕ್ಟರ್. ಹುಡುಗಿಯರು ಹತ್ತಿದರೆ ಸಾಕು, “ಮುಂದಕ್ಕೆ ಬಾರವ್ವ, ನಾನಿದೀನಿ” ಎನ್ನುತ್ತಾ ಟಿಕೆಟ್ ಮೆಷಿನ್ ಹಿಡಿದ ಕೈಯನ್ನು ಗಂಡಸರಿಗೆ ಅಡ್ಡ ಚಾಚುತ್ತಿದ್ದರು.

ಒಮ್ಮೆ ನನ್ನ ಗೆಳತಿಯ ಮೈಮೇಲೆ ಒಬ್ಬ ಕೈ ಹಾಕಿದ. ಕಂಡಕ್ಟರಮ್ಮ ವಿಸಿಲ್ ಹೊಡೆದು ಬಸ್ಸು ನಿಲ್ಲಿಸಿ, ಕೊರಳಪಟ್ಟಿ ಹಿಡಿದು ಅವನನ್ನು ಇಳಿಸಿದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು.

ಸಂಜೆಯೊಳಗೆ ಸುದ್ದಿ ಊರು ಮುಟ್ಟಿತು. “ಮಾನ ಹೋಯ್ತು, ಓದಿದ್ದು ಸಾಕು” ಎಂದು ಗೆಳತಿಯ ಅಪ್ಪ ಅವಳನ್ನು ಕಾಲೇಜು ಬಿಡಿಸಿದರು.

ವಾರ ಕಳೆಯುವಷ್ಟರಲ್ಲಿ ಆ ಗಂಡಸು ಮತ್ತೆ ನಮ್ಮ ಬಸ್ಸು ಹತ್ತಿದ. ಅವನಿಗೂ ಟಿಕೆಟ್ ಕೊಟ್ಟು ಬಂದ ಕಂಡಕ್ಟರಮ್ಮ, ನನ್ನ ಪಕ್ಕದ ಖಾಲಿ ಜಾಗ ನೋಡುತ್ತಾ ಮೆಲ್ಲಗೆ ಕೇಳಿದರು:

“ನಾನು ಇಳ್ಸಿದ್ದು ಅವನನ್ನಲ್ವೇನವ್ವ?”